ಮಗ ಕಳಿಸಿದ ಬ್ರೇಕ್ ಸಿಲಿಂಡರು

ಕೋಕ್-ಜಾರ್, ನರೀನ್
ಬುಧವಾರ, ೪ ಜೂನ್ ೧೯೯೭

ಊಲ್ಜಾನ್ ಮತ್ತು ತಿಲೆಕನ ಅಪ್ಪನಿಗೆ, ಬುರುಲ್ ಮಾಡುವ ಸಲಾಮು.

ಹೇಗಿದ್ದೀರಿ? ಸೊಂಟದ ನೋವು ಇಳಿಯಿತೇ? ನೊವೊಸಿಬಿರ್ಸ್ಕ್‌ನಲ್ಲಿ ಇನ್ನೂ ಚಳಿ ಬಿಟ್ಟಿಲ್ಲ ಎಂದು ಅಲ್ಲಿಂದ ಬಂದಿರುವ ಎಸೆನ್ ಅಣ್ಣ ಹೇಳಿದರು. ಗೋದಾಮಿನ ಸಿಮೆಂಟು ನೆಲದ ಮೇಲೆ ಬರಿಯ ರಟ್ಟು ಹಾಸಿಕೊಂಡು ಮಲಗಬೇಡಿ. ಅವರ ಕೈಯಲ್ಲೇ ಒಂದು ಉಣ್ಣೆಯ ಜಮಖಾನ ಕಳಿಸಿದ್ದೇನೆ. ಅತ್ತೆ ಒಣಮೊಸರಿನ ಕುರುತ್ ಉಂಡೆ ಕಟ್ಟಿಕೊಟ್ಟಿದ್ದಾರೆ, ಉಪ್ಪು ಸ್ವಲ್ಪ ಮುಂದಾಗಿದೆ, ಅವರಿಗೆ ತಿಳಿಸಬೇಡಿ. ತಿಲೆಕನಿಗೆ ಎರಡು ಹಲ್ಲು ಬಂದಿವೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾನೆ. ಊಲ್ಜಾನ್ ಓಣಿಯಲ್ಲಿ ಕಂಡವರಿಗೆಲ್ಲ “ನಮ್ಮಪ್ಪ ಬ್ರೇಕ್ ಕಳ್ಸಿದಾನೆ, ನಿಮ್ಮಪ್ಪ ಏನ್ ಕಳ್ಸಿದಾನೆ?” ಎಂದು ಕೇಳಿ ಎರಡು ಕಡೆ ಜಗಳ ತಂದಿದ್ದಾಳೆ.

ಆ ಬ್ರೇಕಿನ ವಿಷಯಕ್ಕೇ ಈ ಕಾಗದ. ಭಾನುವಾರ ನೀವು ಅಂಚೆ ಕಚೇರಿಗೆ ಫೋನ್ ಮಾಡಿದಾಗ ಹೇಳಲಾಗದು. ಮಾವನವರು, ಅತ್ತೆ, ಅಂಚೆಯ ಹೆಂಗಸು, ಎಲ್ಲರೂ ಒಂದೇ ರಿಸೀವರಿಗೆ ಕಿವಿ ಹಚ್ಚಿರುತ್ತಾರೆ. ಎಸೆನ್ ಅಣ್ಣ ಶನಿವಾರದ ಹೊತ್ತಿಗೆ ನಿಮ್ಮಲ್ಲಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಓದಿ ಹರಿದುಹಾಕಿ.

ಪೆಟ್ಟಿಗೆ ಕಳೆದ ಶನಿವಾರ ಬಂತು. ಲಾರಿಯ ಹಿಂದಿನ ಚಕ್ರಗಳ ಹಳೆಯ ಸಿಲಿಂಡರುಗಳನ್ನು ಮಾವನವರು ಚಳಿಗಾಲವಿಡೀ ಸರಿಮಾಡುತ್ತಿದ್ದುದು ನಿಮಗೆ ಗೊತ್ತೇ ಇದೆ. ತುಕ್ಕು ತಿಂದ ಒಳಮೈಯನ್ನು ಲೇತಿನಲ್ಲಿ ಕೊರೆದು, ಹಿತ್ತಾಳೆಯ ಕೊಳವೆ ಕೂರಿಸಿ, ಸೀಮೆಎಣ್ಣೆ ಬಿಟ್ಟು ಉಜ್ಜಿ, ಸಾಮೂಹಿಕ ಬೇಸಾಯದ ಕಾಲದಿಂದ ಟೀ ಡಬ್ಬಿಯಲ್ಲಿ ಪೌಡರ್ ಹಾಕಿ ಕಾಪಾಡಿಟ್ಟಿದ್ದ ರಬ್ಬರ್ ವಾಷರುಗಳನ್ನು ಹಾಕಿದ್ದರು. ಏಪ್ರಿಲ್‌ನಲ್ಲಿ ಅವನ್ನು ಜೋಡಿಸಿದಾಗ ಪೆಡಲ್ ಒತ್ತಿದ್ದು ನಾನೇ. ಕಲ್ಲು ತುಳಿದಂತಿತ್ತು. ನೀವು ಊರು ಬಿಟ್ಟ ಮೇಲೆ ಬ್ರೇಕ್ ಎಣ್ಣೆಯ ಕೊಳವೆಯಿಂದ ಏರ್ ತೆಗೆಯುವಾಗ ನಾನೇ ಅವರಿಗೆ ಕಾಲು. ಅವರು ಲಾರಿಯ ಕೆಳಗೆ ಮಲಗಿ “ಒತ್ತು, ಹಿಡಿ, ಬಿಡು” ಎಂದು ಕೂಗುತ್ತಾರೆ, ನಾನು ಮೇಲೆ ಕೂತು ಹಾಗೇ ಮಾಡುತ್ತೇನೆ.

ನಿಮ್ಮ ಪೆಟ್ಟಿಗೆ ಬಂದದ್ದೇ ಮಾವನವರು ಆ ಹಳೆಯವನ್ನು ಬಿಚ್ಚಿಬಿಟ್ಟರು. ಭಾನುವಾರ ನೆರೆಯವರೆಲ್ಲ ಅಂಗಳದಲ್ಲಿ ಸೇರಿದ್ದರು. ಹೊಸ ಸಿಲಿಂಡರು ಕೈಯಿಂದ ಕೈಗೆ ಹೋಯಿತು, ಹುಟ್ಟಿದ ಮಗುವನ್ನು ನೋಡುವವರಂತೆ ನೋಡಿದರು. ಎಸೆನ್ ಅಣ್ಣ, “ಏನ್ ಯಜಮಾನ್ರೇ, ಹಳೇ ಕಬ್ಣ ಉಜ್ಜಿ ಉಜ್ಜಿ ನಿಮ್ ಆಯಸ್ಸೇ ಸವೀತು, ಮಗ ಒಂದೇ ಪೆಟ್ಗೇಲಿ ಮುಗಿಸ್ಬಿಟ್ನಲ್ಲ!” ಎಂದು ಕೆಣಕಿದರು. ಅತ್ತೆ, “ಹಳೇದೇ ಚೆನ್ನಾಗಿತ್ತಲ್ಲ” ಎಂದದ್ದಕ್ಕೆ ಮಾವನವರು, “ನನ್ ಮಗ ಕಳ್ಸಿದ್ದು ಕಣೇ. ಲಾರಿಗೆ ಹಾಕ್ದೆ ಪೆಟ್ಗೇಲಿಟ್ಟು ಮುತ್ತು ಕೊಡ್ತಾ ಕೂರ್ಲಾ?” ಎಂದು ನಗಿಸಿದರು. ಅವರು ಅಷ್ಟು ಜೋರಾಗಿ ಮಾತನಾಡಿದ್ದನ್ನು ನೀವು ಹೋದ ಮೇಲೆ ನಾನು ಕೇಳಿರಲಿಲ್ಲ.

ಆಮೇಲೆ ಏರ್ ತೆಗೆದೆವು. ಮೊದಲ ಒತ್ತಿಗೆ ಪೆಡಲ್ ಗಟ್ಟಿಯಾಗಿಯೇ ಸಿಕ್ಕಿತು. ಕಾಲು ತೆಗೆಯದೆ ಹಿಡಿದುಕೊಂಡೆ. ಅದು ಇಳಿಯತೊಡಗಿತು. ಮೆಲ್ಲಗೆ, ಹಿಟ್ಟಿನೊಳಗೆ ಬೆರಳು ಇಳಿದ ಹಾಗೆ. ನಾನು ಮನಸ್ಸಿನಲ್ಲೇ ಇಪ್ಪತ್ತು ಎಣಿಸುವಷ್ಟರಲ್ಲಿ ನೆಲ ಮುಟ್ಟಿತ್ತು. ಕೆಳಗಿನಿಂದ ಮಾವನವರು, “ಹೆಂಗಿದೆ ಮಗ್ಳೇ, ಗಟ್ಟಿ ಇದ್ಯಾ?” ಎಂದು ಕೇಳಿದರು. ಅಂಗಳದ ತುಂಬ ಜನ ನನ್ನನ್ನೇ ನೋಡುತ್ತಿದ್ದರು. ನಾನು “ಗಟ್ಟಿ ಇದೆ ಮಾವ” ಎಂದೆ.

ಅಂದಿನಿಂದ ಊಟ ಸೇರುತ್ತಿಲ್ಲ. ಮುಂದಿನ ಮಂಗಳವಾರ ನಾವು ಬೇಸಿಗೆಯ ಹುಲ್ಲುಗಾವಲಿಗೆ ಹೊರಡಬೇಕು. ಗುಡಾರದ ಮರ, ಉಣ್ಣೆಯ ಹೊದಿಕೆ, ಒಲೆ, ಹಿಟ್ಟಿನ ಮೂಟೆ, ಅದರ ಮೇಲೆ ಊಲ್ಜಾನ್. ತಿಲೆಕ್ ನನ್ನ ಮಡಿಲಲ್ಲಿ. ಸಾರಿ-ಬೆಲ್ ಘಾಟಿ ಹತ್ತುವುದಕ್ಕೆ ನನಗೆ ಹೆದರಿಕೆ ಇಲ್ಲ. ಆಚೆ ಇಳಿಯುವಾಗಿನ ಮೂರನೆಯ ತಿರುವು ನಿಮಗೆ ನೆನಪಿರಬೇಕು, ಗೇರ್ ಎಷ್ಟು ಇಳಿಸಿದರೂ ಬ್ರೇಕಿನ ಮೇಲಿನ ಕಾಲು ತೆಗೆಯುವಂತಿಲ್ಲ. ಹೋದ ವರ್ಷ ಅಲ್ಲಿ ನಾನು ಎಣಿಸಿದ್ದೆ, ಎಪ್ಪತ್ತಾಗಿತ್ತು. ಎಡಗಡೆ ಹೊಳೆ. ಈಗ ಕೆಲಸ ಮಾಡುತ್ತ ಮಾಡುತ್ತಲೇ ಬಾಯಿ ತಾನಾಗಿ ಎಣಿಸುತ್ತದೆ, ಇಪ್ಪತ್ತಕ್ಕೆ ಬಂದು ನಿಲ್ಲುತ್ತದೆ.

ಇನ್ನೂ ಒಂದಿದೆ. ನಿನ್ನೆ ಬೆಳಿಗ್ಗೆ ಹಾಲು ಕರೆಯಲು ಹೋದವಳು ಮಾವನವರನ್ನು ಕಂಡೆ. ಹಿಂದಿನ ಎಡ ಚಕ್ರದ ಒಳಮಗ್ಗುಲನ್ನು ಚಿಂದಿಯಿಂದ ಒರೆಸುತ್ತಿದ್ದರು. ನನ್ನನ್ನು ನೋಡಿ, ಎಣ್ಣೆ ಹೀರಿದ ಆ ಚಿಂದಿಯನ್ನು ಜೇಬಿಗೆ ತುರುಕಿಕೊಂಡು, “ಕೆಸರು” ಎಂದರು. ಹತ್ತು ದಿನದಿಂದ ಹನಿ ಮಳೆ ಬಿದ್ದಿಲ್ಲ.

ಇದು ನಿಮ್ಮ ಮೇಲಿನ ದೂರಲ್ಲ. ಪೆಟ್ಟಿಗೆಯ ಮೇಲಿನ ಕಾರ್ಖಾನೆಯ ಮುದ್ರೆ ನೋಡಿದರೆ ಯಾರಾದರೂ ಅಸಲಿ ಎಂದೇ ನಂಬುತ್ತಿದ್ದರು. ಊಟ ಬಿಟ್ಟು ಬಜಾರೆಲ್ಲ ಅಲೆದು ಹುಡುಕಿದ್ದೀರಿ ಎಂದು ಗೊತ್ತು. ಆದರೆ ಸೊಸೆ ಹೇಳಿದಳೆಂದು ಮಗ ಕಳಿಸಿದ್ದನ್ನು ಅವರು ಬಿಚ್ಚುವುದಿಲ್ಲ, ನನಗೂ ಬಾಯಿ ಬರುವುದಿಲ್ಲ. ನೀವು ಭಾನುವಾರ ಫೋನಿನಲ್ಲಿ, “ಅಪ್ಪಾ, ಇಲ್ಲಿಯವರು ಆ ಮಾಲು ಸರಿಯಿಲ್ಲ ಅಂತಿದಾರೆ, ಹಳೇದನ್ನೇ ಹಾಕಿ” ಎಂದುಬಿಡಿ. ನಾನು ಬರೆದೆನೆಂದು ಬೇಡ. ಹಳೆಯವೆರಡೂ ಅಟ್ಟದಲ್ಲಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟ ಹಾಗೇ ಇವೆ.

ಅತ್ತೆ ಮಾವ ನಿಮ್ಮ ಹಣೆಗೆ ಮುತ್ತಿಟ್ಟು ಹರಸಿದ್ದಾರೆ. ಮಕ್ಕಳ ಕೈಗುರುತು ಕಾಗದದ ಹಿಂದೆ ಇದೆ, ದೊಡ್ಡ ಮಸಿ ತಿಲೆಕನದು. ದೇವರು ನಿಮ್ಮನ್ನು ಆರೋಗ್ಯವಾಗಿ ನಮ್ಮ ಬಾಗಿಲಿಗೆ ತಂದು ಮುಟ್ಟಿಸಲಿ.

ನಿಮ್ಮ
ಬುರುಲ್

ಮತ್ತೆ: ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಎಸೆನ್ ಅಣ್ಣ ಗೇಟಿನಲ್ಲಿ ನಿಂತಿದ್ದಾರೆ. ಘಾಟಿಯ ಹಿಮ ಕರಗಿದೆಯಂತೆ, ಇಡೀ ಊರು ನಾಳೆ ಬೆಳಿಗ್ಗೆಯೇ ಹೊರಡುತ್ತದಂತೆ. ನಿಮ್ಮ ಫೋನಿಗೆ ಕಾಯುವಂತಿಲ್ಲ. ಅಟ್ಟದಿಂದ ಆ ಎರಡನ್ನೂ ಇಳಿಸಿ ತಂದು ಮಾವನವರ ಮುಂದೆ ಇಟ್ಟೆ. ಅವರು ನನ್ನ ಮುಖ ನೋಡದೆ, “ಯಾವಾಗಿಂದ ಗೊತ್ತು?” ಎಂದರು. “ಭಾನುವಾರದಿಂದ” ಎಂದೆ. “ನಂಗೆ ಪೆಟ್ಗೆ ತೆಗ್ದಾಗಿಂದ. ಒಳಗೆ ಬೆರಳಾಡಿಸಿದ್ರೆ ಗೊತ್ತಾಗ್ದಿರುತ್ತಾ,” ಎಂದು ಸ್ಪ್ಯಾನರ್ ಎತ್ತಿಕೊಂಡರು. ಈಗ ಚಕ್ರ ಕಳಚಿದ್ದಾರೆ, ಹಿತ್ತಾಳೆ ಈ ಹೊರೆಗೆ ತಡೆಯುತ್ತದೋ ಇಲ್ಲವೋ ಅವರೂ ಹೇಳುತ್ತಿಲ್ಲ. ಪೆಡಲ್ ಒತ್ತಲು ಕರೆಯುತ್ತಿದ್ದಾರೆ, ಹೋಗುತ್ತೇನೆ. ನಮ್ಮನ್ನು ಮೇಲೆ ಬಿಟ್ಟು, ನಿಮ್ಮ ಫೋನಿಗೆಂದೇ ಭಾನುವಾರ ಅವರೊಬ್ಬರೇ ಇಳಿದು ಬರುತ್ತಾರೆ. ಅವರ ದನಿ ಕೇಳಿಸಿದರೆ ನಾವು ತಲುಪಿದ್ದೇವೆ ಎಂದು ತಿಳಿಯಿರಿ. “ನೀನ್ ಕಳ್ಸಿದ ಸಿಲಿಂಡರು ಚೆನ್ನಾಗಿ ಹಿಡೀತಿದೆ” ಎಂದು ಅವರು ಹೇಳುತ್ತಾರೆ. ಹೂಂ ಎನ್ನಿ.