ಅರ್ಧ ಚೀಲ ಉಸಿರು

ಅಪ್ಪಾ,

ಲ್ಯಾಬಿಗೆ ಹೊರಟೆ. ಕಾಯಿಲೆ ಪರೀಕ್ಷೆಗೆ ಅಂತ ನಿನ್ನೆ ನೀವು ಕೊಟ್ಟ ಉಸಿರಿನ ಚೀಲವನ್ನ, ಉಸಿರಿನ ವಾಸನೆ ಹಿಡಿಯೋ ಮೆಷಿನ್ನಿಗೆ ನಾನೇ ಹಾಕಿದೆ. ಒಳಗೆ ರಬ್ಬರ್ ವಾಸನೆ ಇತ್ತೇ ಹೊರತು ಮನುಷ್ಯರ ಉಸಿರೇ ಇರಲಿಲ್ಲ. ಅಲ್ಲಪ್ಪಾ, ಸೈಕಲ್ ಪಂಪಲ್ಲಿ ಗಾಳಿ ಹೊಡೆದ್ರಾ? ಲ್ಯಾಬಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮನೆಗೆ ಬರೋ ದಾರೀಲಿ ಹೊಳೀತು, ನಿಮಗೆ ಊದೋಕೆ ಆಗಿಲ್ಲ, ಹೇಳೋಕೆ ನಾಚಿಕೆ.

ಹೊಸ ಚೀಲ ಫ್ರಿಜ್ ಮೇಲಿದೆ. ಕಾಫಿ ಕುಡಿಯೋ ಮುಂಚೆ, ಕೂತ್ಕೊಂಡು ಊದಿ. ಸುಸ್ತಾದರೆ ಸುಧಾರಿಸ್ಕೊಳ್ಳಿ. ಕಾಯಿಲೆ ಇದರಲ್ಲೇ ಗೊತ್ತಾದರೆ ಗಂಟಲಿಗೆ ಟ್ಯೂಬ್ ಇಳಿಸೋ ಗೋಜೇ ಇರಲ್ಲ. ಅರ್ಧ ಚೀಲ ಸಾಕು, ನಿಮ್ಮದಾಗಿರಲಿ ಅಷ್ಟೇ. ಮಧ್ಯಾಹ್ನ ಬಂದು ತಗೊಂಡು ಹೋಗ್ತೀನಿ.

ಪಂಪ್ ಹುಡುಕಬೇಡಿ. ನನ್ನ ಬ್ಯಾಗಲ್ಲಿದೆ.