ಈರವ್ವನವರು ಕೊಟ್ಟ ಪದ

ಗದಗ, ಫೆಬ್ರವರಿ ಮೂವತ್ತು, 2187

ಅಂತರಜಾಲದಲ್ಲಿ ಸಂಬಳವಿಲ್ಲದೆ ಬರೆದು ತಿದ್ದುವ ನಿಮಗೆ,

ತಾರೀಖು ತಪ್ಪಲ್ಲ. ಪಂಚಾಂಗ ತಿದ್ದಿದ ಮೇಲೆ ನಮ್ಮ ಫೆಬ್ರವರಿಗೆ ಮೂವತ್ತು ದಿನ. ನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದಿನ ನಿಮಗೆ ನನ್ನ ಕನ್ನಡವೂ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸೀತು, ಕ್ಷಮಿಸಿ ಓದಿ.

ನಾನು ಮಂದಾಕಿನಿ ಹೂಗಾರ. ಇಪ್ಪತ್ತೆರಡು ವರ್ಷಗಳಿಂದ ನುಡಿಕಣದಲ್ಲಿದ್ದೇನೆ. ನುಡಿಕಣವೆಂದರೆ ಜನ ತಮ್ಮ ತಮ್ಮ ಊರಿನ ಮಾತುಗಳನ್ನು ಅರ್ಥ ಸಹಿತ ತಂದು ಸೇರಿಸುವ ಜಾಲತಾಣ. ನಮ್ಮ ಆಸ್ಪತ್ರೆಗಳಲ್ಲಿ ಪ್ರತಿ ಮಂಚದ ಪಕ್ಕ ಒಂದು ದುಭಾಷಿ ಪೆಟ್ಟಿಗೆ ಇರುತ್ತದೆ. ರೋಗಿ ತನ್ನೂರಿನ ಮಾತಿನಲ್ಲಿ ನೋವು ಹೇಳಿಕೊಂಡರೆ ಅದು ಎಲ್ಲಿಂದಲೋ ಬಂದ ವೈದ್ಯರಿಗೆ ಅರ್ಥ ಮಾಡಿಸುತ್ತದೆ. ಆ ಪೆಟ್ಟಿಗೆ ಕಲಿಯುವುದು ನುಡಿಕಣದಿಂದಲೇ. ಹಾಗಾಗಿ ನಮ್ಮ ಮೂವತ್ತು ಸಾವಿರ ಬರೆಯುವವರು ಹತ್ತೇ ವರ್ಷದಲ್ಲಿ ನಾನೂರಕ್ಕಿಳಿದಾಗ ಆಸ್ಪತ್ರೆಗಳೇ ಮೊದಲು ಗಾಬರಿಯಾದವು. ಜನ ಯಾಕೆ ಬಿಟ್ಟು ಹೋಗುತ್ತಾರೆ ಎಂದು ಕಂಡುಹಿಡಿಯುವ ಕೆಲಸ ನನಗೆ ಬಂತು.

ಮೊದಲು ಪದಕ, ಬಿರುದು ಕೊಟ್ಟು ನೋಡಿದೆ. ಅದಕ್ಕಾಗಿ ಬಂದವರು ಅದು ಸಿಕ್ಕ ವಾರವೇ ಹೋದರು. ಆಮೇಲೆ ಹಳೆಯ ದಾಖಲೆಗಳನ್ನು ತೆರೆದು ಕೂತೆ. ಬಿಟ್ಟು ಹೋದವರಲ್ಲಿ ಹೆಚ್ಚಿನವರು ಒಂದೇ ಒಂದು ಪದ ಬರೆದಿದ್ದರು, ಆ ಪದವನ್ನು ನಾವು ಅಳಿಸಿದ್ದೆವು. ತಪ್ಪು ಸೋಸಲು ನಮ್ಮಲ್ಲಿ ಜರಡಿ ಎಂಬ ಯಂತ್ರವಿತ್ತು. ಅದು ಎತ್ತಿ ತೋರಿಸುತ್ತಿತ್ತು, ನಾವು ಒಪ್ಪಿಗೆ ಒತ್ತುತ್ತಿದ್ದೆವು. ಬರೆದವರಿಗೆ "ಆಧಾರವಿಲ್ಲ, ತೆಗೆದುಹಾಕಲಾಗಿದೆ" ಎಂಬ ಸಿದ್ಧ ಸಾಲು ಹೋಗುತ್ತಿತ್ತು.

ಅಂಥವರಲ್ಲಿ ಒಬ್ಬರನ್ನು ನೋಡಲು ಗುಳೇದಗುಡ್ಡಕ್ಕೆ ಹೋದೆ. ಈರವ್ವ ಚಿಲ್ಲಾಳ, ರವಿಕೆಯ ಖಣ ನೇಯುವವರು, ಎಪ್ಪತ್ತರ ಹತ್ತಿರದ ವಯಸ್ಸು. ಅವರು ಬರೆದಿದ್ದ ಪದ "ಕುಣಿಸೆಳೆತ". ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ದಿನವಿಡೀ ಕೂತವರಿಗೆ ಸೊಂಟದಿಂದ ಹಿಮ್ಮಡಿಯವರೆಗೆ ಹಿಡಿಯುವ ನೋವು. ಅವರು ತಮ್ಮ ಹಳೆಯ ಪರದೆಯಲ್ಲಿ ಆ ಸಿದ್ಧ ಸಾಲನ್ನು ತೆಗೆದು ನನ್ನ ಮುಂದೆ ಹಿಡಿದರು. ಕೆಳಗೆ ಅಳಿಸಿದವರ ಹೆಸರಿತ್ತು. ನನ್ನದೇ.

"ಈ ಹೆಸರು ನಿಮ್ದ ಏನ್ರಿ?" ಎಂದು ಕೇಳಿದರು.

"ಹೌದ್ರಿ, ನಂದ."

ಅವರು ಸಿಟ್ಟಾಗಲಿಲ್ಲ. "ನಮ್ಮವ್ವ ಸಾಯೂತನಕಾ ಇದ ಮಾತು ಆಡಿದ್ಲು. ಆಕಿ ಬಾಯಿಗೆ ನಾ ಎಲ್ಲಿಂದ ಆಧಾರ ತರ್ಲಿ? ತಿಳೀಲಿಲ್ಲಂದ್ರ ಕೇಳಬೇಕಿತ್ತು. ಕೇಳಿದ್ರ ಹೇಳ್ತಿದ್ದೆ" ಎಂದರು.

ನನಗೆ ಆ ಪದ ಅಳಿಸಿದ ನೆನಪೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ನಾಚಿಸಿತು. ತಪ್ಪಾಯಿತು ಎಂದು ಹೇಳಿ, ಅವರೆದುರೇ ಕೂತು ಆ ಪದವನ್ನು ಮತ್ತೆ ಸೇರಿಸಿದೆ. ವಾಪಸು ಬನ್ನಿ ಎಂದು ಕರೆದಾಗ ಅವರು ಒಲ್ಲೆನೆಂದು ತಲೆಯಲ್ಲಾಡಿಸಿದರು.

ಗದಗಿಗೆ ಬಂದ ಮೇಲೆ ಹೊಸದಾಗಿ ಸೇರಿದವರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದೆ. ಒಂದು ಗುಂಪಿಗೆ ಹಳೆಯ ಪದ್ಧತಿ. ಇನ್ನೊಂದರಲ್ಲಿ ಯಾರ ಮೊದಲ ಬರಹವನ್ನೂ ಅಳಿಸುವ ಹಾಗಿಲ್ಲ. ಸಂದೇಹ ಬಂದರೆ ಒಂದು ದಿನದೊಳಗೆ ಮನುಷ್ಯರೇ ಹೆಸರು ಹಾಕಿ ಕೇಳಬೇಕು. ಜರಡಿಯನ್ನು ನಂಬಿದ್ದ ಹಿರಿಯರು, ಕಸ ತುಂಬುತ್ತದೆ ಎಂದು ಜಗಳಕ್ಕೇ ಬಂದರು. ವರ್ಷದ ಕೊನೆಗೆ ಹಳೆಯ ಪದ್ಧತಿಯಲ್ಲಿ ನೂರಕ್ಕೆ ನಾಲ್ವರು ಉಳಿದಿದ್ದರು, ಹೊಸದರಲ್ಲಿ ಇಪ್ಪತ್ತೊಂಬತ್ತು ಜನ. ಕಸ ಸ್ವಲ್ಪ ಹೆಚ್ಚಿತು, ನಿಜ. ಅದನ್ನು ಗುಡಿಸಲು ಈಗ ಕೈಗಳಿದ್ದವು.

ಎರಡನೆಯ ವರ್ಷ ಈರವ್ವನವರಿಂದ ಒಂದು ಸಾಲು ಬಂತು: "ಕೇಳಾಕ ಮಂದಿ ಕಮ್ಮಿ ಆಗ್ಯಾರ ಅಂತ ಕೇಳೇನಿ. ನಾ ಕೇಳ್ತೀನಿ." ಅಂದಿನಿಂದ ತೀರಿಕೊಳ್ಳುವವರೆಗೂ ಅವರು ಒಂದು ಪದವನ್ನೂ ಬರೆಯಲಿಲ್ಲ. ಸುಮಾರು ಆರು ಸಾವಿರ ಹೊಸಬರಿಗೆ "ಇದು ನಿಮ್ಮ ಕಡೆ ಹೆಂಗ ಅಂತಾರ?" ಎಂದು ಕೇಳಿದರು. ಈಗ ನುಡಿಕಣದಲ್ಲಿ ನಲವತ್ತೊಂದು ಸಾವಿರ ಜನರಿದ್ದಾರೆ. ಇದು ಉಳಿಯುತ್ತದೆ; ನನಗೆ ಅನುಮಾನವಿಲ್ಲ.

ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ಹೊಸಬರು ತಪ್ಪು ಬರೆದಾಗ ಅಳಿಸುವ ಮೊದಲು ಕೇಳಿ, ಕೇಳುವಾಗ ನಿಮ್ಮ ಹೆಸರು ಹಾಕಿ. ಇನ್ನು ಅಪ್ಪಣೆ ಕೊಡಿ. ಬೆಳಿಗ್ಗೆ ಕೊಪ್ಪಳದವರೊಬ್ಬರು ಮೊದಲ ಪದ ಬರೆದಿದ್ದಾರೆ. ನನಗೆ ಅರ್ಥವಾಗಲಿಲ್ಲ. ಕೇಳಬೇಕು.