ಹಿಂದಿನ ಸೀಟಿನ ತಾಯಿ

ಅಮ್ಮನವರಿಗೆ,

‘ಮಗನ ಕಾರಿಗೆ ಯಾರಾದ್ರೂ ಬಾಡಿಗೆ ಕೊಡ್ತಾರೇನಪ್ಪಾ?’ ಎಂದೋ ಏನೋ ನೀವು ಅಂದು ಅಪಘಾತ ನೋಡಲು ಬಂದ ವಿಮೆ ಕಂಪನಿಯವನನ್ನು ಗದರಿದಿರಿ. ಮಾತು ಪೂರ್ತಿ ನೆನಪಿಲ್ಲ. ಪಕ್ಕದಲ್ಲಿ ನಾನು ತಲೆಯಾಡಿಸಿದ್ದು ನೆನಪಿದೆ.

ನೀವು ಆ್ಯಪ್‌ನಲ್ಲಿ ಬುಕ್ ಮಾಡಿ ನನ್ನ ಕಾರು ಹತ್ತಿದವರು. ಡಿಕ್ಕಿಯಾದಾಗ, ‘ನಂದು ಸ್ವಂತ ಬಳಕೆಯ ಪಾಲಿಸಿ, ಬಾಡಿಗೆಗೆ ಓಡಿಸಿದ್ದು ಗೊತ್ತಾದ್ರೆ ಏನೂ ಸಿಗಲ್ಲ’ ಎಂದು ಗೊಣಗಿದ್ದೆ. ನೀವು ಕೇಳಿಸಿಕೊಂಡಿರಿ. ವಿಮೆಯವನು ಬಂದು ಅತ್ತ ಹೋದಮೇಲೆ ಊದಿದ ಮಣಿಕಟ್ಟು ಹಿಡಿದುಕೊಂಡೇ ನಕ್ಕಿರಿ: ‘ಮಗ ಅಂದಿದೀನಿ, ಇನ್ಮೇಲೆ ಬೈಯೋ ಹಕ್ಕೂ ನಂದೇ. ಕಾರಲ್ಲಿ ಬ್ರೇಕ್ ಅಂತ ಒಂದಿರತ್ತೆ ಕಣೋ!’

ವಿಮೆಯ ದುಡ್ಡಲ್ಲಿ ಕಾರು ರಿಪೇರಿಯಾಗಿ ಬಂದಿದೆ. ಮೊನ್ನೆ ನಿಮ್ಮ ಹೊಲಿಗೆ ಅಂಗಡಿಯ ಮುಂದೆ ನಿಧಾನಿಸಿದೆ. ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಯಾರದೋ ಬಟ್ಟೆಯನ್ನು ಹೊಲಿಯದೆ ಹಾಗೇ ವಾಪಸು ಕೊಡುತ್ತಿದ್ದಿರಿ. ನಾನು ಇಳಿಯಲಿಲ್ಲ.

ಆ್ಯಪ್‌ನವರು ಪ್ರಯಾಣಿಕರಿಗೆಂದೇ ವಿಮೆ ಮಾಡಿಸಿರುತ್ತಾರೆ. ನೀವು ಪ್ರಯಾಣಿಕರಾಗಿದ್ದರೆ ಕೈಯ ಚಿಕಿತ್ಸೆಯ ಖರ್ಚು ಅವರದು. ನನ್ನ ತಾಯಿಯಾದರೆ ಯಾರದೂ ಅಲ್ಲ. ಇದು ನನಗೆ ಅಂದೇ ಗೊತ್ತಿತ್ತು.

ಆಸ್ಪತ್ರೆಯ ರಸೀದಿಗಳನ್ನು ಎಸೆಯಬೇಡಿ. ಫೋನಿನಲ್ಲಿರುವ ಬುಕಿಂಗ್ ಮೆಸೇಜನ್ನು ಅಳಿಸಬೇಡಿ. ನಾಳೆ ವಿಮೆ ಕಚೇರಿಗೆ ಹೋಗಿ ನಿಜ ಹೇಳುತ್ತೇನೆ. ರಿಪೇರಿಯ ಖರ್ಚು ನನ್ನ ತಲೆಗೇ ಬಂದು ಕಾರು ಮಾರಬೇಕಾದೀತು, ಆಗಲಿ. ಸುಳ್ಳು ಹೇಳಿಸಿದವನು ನಾನೇ ಎಂದು ಬರೆದುಕೊಡುತ್ತೇನೆ. ಆದರೆ, ಗುರುತು ಪರಿಚಯವಿಲ್ಲದವನನ್ನು ಆಕೆ ಮಗ ಎಂದದ್ದು ಯಾಕೆ ಎಂದು ಅವರು ಕೇಳಿದರೆ, ನಾನು ಏನು ಹೇಳಲಿ?

ಇಂತಿ,
ಅಂದು ಕಾರು ಓಡಿಸುತ್ತಿದ್ದವನು